ಎತ್ತಬಾರದ ಕರೆ

ಹೊನ್ನಾವರದ ಮೇಲ್ದಂಡೆ. ಕಡಲು ಪೇಟೆಯೊಳಗೆ ಬಂದ ಎಂಬತ್ತೊಂದನೆಯ ವರ್ಷ, ಆಶ್ಲೇಷ ಮಳೆ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ತೊಂಬತ್ತರ ಆಸುಪಾಸು.

ನನಗಿಂತ ಮೊದಲು ಬಾಳಿ ಹೋದ ಹಿರಿಯರಿಗೆ ಶೇವಂತಿ ತಾಂಡೇಲಳ ನಮಸ್ಕಾರ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಈ ಹಿಂದೋಲೆ. ಹಿಂದೋಲೆ ಎಂದರೆ ಕಾಲದ ಹಿಂದಕ್ಕೆ ಮಾತ್ರ ಹೋಗುವ ಪತ್ರ, ಉತ್ತರ ಬರುವುದಿಲ್ಲ. ಬೆಳಿಗ್ಗೆ ಪಾಚಿದೋಣಿಯಲ್ಲಿ ಹೋದ ನನ್ನ ಮಗಳು ಕುಮುದ ಬಿರುಗಾಳಿಯಲ್ಲಿ ಕಾಣೆಯಾಗಿದ್ದಾಳೆ. ನಾನು ಕಡಲಗಾವಲು ಠಾಣೆಯಲ್ಲಿ ಫೋನು ಹಿಡಿದು ಕೂತಿದ್ದೇನೆ.

ನಮಗೆ ಈಗ ಕಡಲೇ ಗದ್ದೆ. ಹಗ್ಗಕ್ಕೆ ಪಾಚಿ ಕಟ್ಟಿ ಬೆಳೆಸುತ್ತೇವೆ, ಅದನ್ನೇ ರೊಟ್ಟಿಗೆ ಕಲಸುತ್ತೇವೆ, ಅದರ ಎಣ್ಣೆಯಲ್ಲೇ ದೋಣಿ ಓಡಿಸುತ್ತೇವೆ. ಕೆಲಸಕ್ಕೆ ಹತ್ತಾರು ದೇಶದ ಜನ. ಫೋನು ಎಲ್ಲರ ಹತ್ತಿರವೂ ಉಂಟು, ಬಳಸುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಬ್ರೆಜಿಲಿನ ಥಿಯಾಗೊ ಒಂದಕ್ಷರ ಒತ್ತುವವನಲ್ಲ. ಊಟ ಆಯಿತಾ ಎಂದು ಕೇಳಲೂ ಪುರಾಣದಷ್ಟು ಉದ್ದದ ದನಿ ಸಂದೇಶ ಕಳಿಸುತ್ತಾನೆ. ಜಪಾನಿನ ಮಿಚಿಯೊ ಬಾಯಿ ಬಿಡುವುದೇ ಇಲ್ಲ, ಬಾಗಿ ನಮಸ್ಕರಿಸುವ ಕರಡಿಯ ಚಿತ್ರ ಕಳಿಸಿದರೆ ಅವನ ಮಾತು ಮುಗಿಯಿತು. ಠಾಣೆಯ ಮುಖ್ಯಸ್ಥೆ ನಾರ್ವೆಯ ಸಿಗ್ರಿಡ್ ಬರೆಯುವುದು ಒಂದೇ ಸಾಲು. ಹೇಳದೆ ಕೇಳದೆ ಫೋನು ಮಾಡಿದರೆ, ಬಾಗಿಲು ತಟ್ಟದೆ ಅಡುಗೆಮನೆಗೇ ನುಗ್ಗಿದವರನ್ನು ನೋಡುವ ಹಾಗೆ ನೋಡುತ್ತಾಳೆ. ಇದು ಯಾರ ಸೊಕ್ಕೂ ಅಲ್ಲ ಎನ್ನುತ್ತಾನೆ ಥಿಯಾಗೊ. ಎಲ್ಲಿ ಯಾವುದು ಅಗ್ಗವೋ, ಎಲ್ಲಿ ಯಾವುದಕ್ಕೆ ನಾಚಿಕೆಯೋ, ಅಲ್ಲಿಯವರ ಕೈ ಹಾಗೆ ಪಳಗಿತಂತೆ. ರೈಲಿನಲ್ಲಿ ಮಾತಾಡಬಾರದೆಂಬ ಊರಿನವರು ಬರೆಯಲು ಕಲಿತರು, ಬರೆದ ಸಂದೇಶಕ್ಕೆಲ್ಲ ದುಡ್ಡು ಕೀಳುತ್ತಿದ್ದ ಊರಿನವರು ದನಿ ಕಳಿಸುವ ಆ್ಯಪ್ ಹಿಡಿದರು. ನಮ್ಮ ರೀತಿಗೆ ಕಾರಣವೇನೆಂದು ನಾನು ಕೇಳಲೇ ಇಲ್ಲ.

ನಾವು ರಿಂಗ್ ಕೊಟ್ಟು ಕಟ್ ಮಾಡುವವರು. ನೀವು ಮಿಸ್ಡ್ ಕಾಲ್ ಎನ್ನುತ್ತಿದ್ದಿರಂತೆ. ಒಂದು ಸಲವಾದರೆ "ಮುಟ್ಟಿದೆ, ಚಿಂತೆ ಬೇಡ". ಬೆನ್ನಬೆನ್ನಿಗೆ ಎರಡು ಸಲವಾದರೆ "ಬೇಗ ಬಾ". ಎತ್ತಬಾರದು. ಬ್ಯಾಟರಿ ಸಾಯುವಾಗ, ಕೈ ಒದ್ದೆಯಾದಾಗ ನಮ್ಮವರು ಬರೆಯುತ್ತ ಕೂರುವುದಿಲ್ಲ.

ಠಾಣೆಯಲ್ಲಿ ಸಮವಾಣಿ ಎಂಬ ಯಂತ್ರವುಂಟು. ಎಲ್ಲ ದೇಶದ ಸಂದೇಶಗಳನ್ನೂ ಒಂದೇ ಅಳತೆಗೆ ಕತ್ತರಿಸಿ ಕೊಡುವುದು ಅದರ ಕೆಲಸ. ಹಾಳು ಯಂತ್ರ, ಕುಮುದಳ ಎರಡು ರಿಂಗನ್ನು ಕೆಟ್ಟುಹೋದ ಕರೆಯೆಂದು ಗುಡಿಸಿ ಹಾಕಿತ್ತು! ಅದರ ಕಸ ಕೆದಕಿ ನಾನೇ ಹುಡುಕಿದೆ. ತಿರುಗಿ ಕರೆದರೆ ಅವಳ ಫೋನು ಸತ್ತಿತ್ತು. ಕರೆ ಬಂದದ್ದು ದಕ್ಷಿಣದಿಂದ. ಅವಳು ಬರೆದಿಟ್ಟು ಹೋದ ದಾರಿ ಉತ್ತರಕ್ಕೆ. ಆಪತ್ತಿಗೆ ಓಡುವ ದೋಣಿ ಇದ್ದದ್ದು ಒಂದೇ, ಅದು ಉತ್ತರಕ್ಕೆ ಹೊರಟು ನಿಂತಿತ್ತು.

"ಮಾತಾಡುವುದು ಬೇಡವಾದರೆ ಕರೆ ಯಾಕೆ ಮಾಡಬೇಕು?" ಎಂದು ಸಿಗ್ರಿಡ್ ಕೇಳಿದಳು. ಅಜ್ಜಿ ಮಾಡಿದಳು, ಅಮ್ಮ ಮಾಡಿದಳು, ನಾನೂ ಮಾಡಿದೆ. ಯಾಕೆಂದು ಯಾರಿಗೆ ಗೊತ್ತು? "ಅಯ್ಯೋ ಮಾರಾಯ್ತಿ, ಎಂತಕ್ಕೆ ಅಂತ ನಂಗೊತ್ತಿಲ್ಲ, ನನ್ನ ಮಗಳು ಕರೀತಾ ಇದ್ದಾಳೆ!" ಎಂದು ಕಿರುಚಿದೆ. ಅವಳೇನೂ ಕೆಟ್ಟವಳಲ್ಲ. ಇರುವ ಒಂದು ದೋಣಿ ತಪ್ಪು ದಿಕ್ಕಿಗೆ ಹೋದರೆ ಎಂಬ ಭಯ ಅವಳಿಗೂ ಇತ್ತು. ಕಡೆಗೆ ಅವಳ ಕಣ್ಣೆದುರೇ, ಹಿಂದಿನ ಓಣಿಯಲ್ಲಿರುವ ನಮ್ಮತ್ತೆ ದೇವಮ್ಮನಿಗೆ ಎರಡು ಸಲ ರಿಂಗ್ ಕೊಟ್ಟು ಕಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಆ ಮುದುಕಿ ಕೊಡೆ ಹಿಡಿದು, ಏದುಸಿರು ಬಿಡುತ್ತ ಬಾಗಿಲಲ್ಲಿ! "ಎಂಥಾ ಆಯ್ತೇ? ಬಾ ಅಂದ್ಯಲ್ಲ!"

ಸಿಗ್ರಿಡ್ ಅತ್ತೆಯ ಒದ್ದೆ ಕಾಲುಗಳನ್ನು ನೋಡಿದಳು. ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದಳು. ಅದರಲ್ಲಿ ಥಿಯಾಗೊ ಹೋಗಿದ್ದಾನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕಾರಣ ನಿಮಗೆ ಗೊತ್ತಿದೆ. ಮಕ್ಕಳಿಗೆ ರಿಂಗ್ ಕೊಡುವುದನ್ನಷ್ಟೇ ಕಲಿಸಬೇಡಿ, ಯಾಕೆಂದೂ ಹೇಳಿ. ಕಾಸು ಉಳಿಸಲಿಕ್ಕೆ ಎಂದಾದರೆ ಹಾಗೇ ಹೇಳಿ, ಅದರಲ್ಲಿ ನಾಚಿಕೆ ಎಂಥದು? ಬೇರೆ ದೇಶದವರು ಒಂದೇ ಸಾಲು ಬರೆದರೆಂದು ಮುಖ ಊದಿಸಿಕೊಳ್ಳಬೇಡಿ, ಅವರನ್ನೂ ಯಾಕೆಂದು ಕೇಳಿ. ನೀವು ಹೇಳದೆ ಬಿಟ್ಟದ್ದಕ್ಕೆ ಇವತ್ತು ನನ್ನ ಮಗಳ ಅರ್ಧ ಹಗಲು ಹೋಯಿತು.

ತಡೆಯಿರಿ, ಠಾಣೆಯ ಫೋನು ಹೊಡೆಯುತ್ತಿದೆ. ಥಿಯಾಗೊನ ನಂಬರು. ಸಿಗ್ರಿಡ್ ಎತ್ತಲು ಕೈ ಚಾಚಿದಳು, ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

ಕಟ್ ಆಯಿತು.

ಥಿಯಾಗೊ ಆಗಿದ್ದರೆ ಪುರಾಣ ಬರುತ್ತಿತ್ತು. ಇದು ಅವನ ಕೈಯಲ್ಲ. ಇನ್ನೊಂದು ಸಲ ಹೊಡೆಯಬೇಡ ನನ್ನವ್ವಾ, ಹೊಡೆಯಬೇಡ.

ಮೂವರೂ ಫೋನನ್ನೇ ನೋಡುತ್ತ ಕೂತಿದ್ದೇವೆ. ಹೊರಗೆ ಮಳೆಯ ಸದ್ದು. ಫೋನು ಸುಮ್ಮನಿದೆ, ಇನ್ನೂ ಸುಮ್ಮನಿದೆ.

ಅತ್ತೆ ಎದ್ದು ಕೊಡೆ ಬಿಚ್ಚಿದರು. "ಒಂದೇ ಸಲ ಹೊಡೀತು. ಬಂತು ಕೂಸು. ನಾನು ಗಂಜಿಗೆ ಇಡ್ತೆ."