ಮುದಿ ಹಡಗಿಗೆ ಹೊಸ ಬಣ್ಣ

ಅಕ್ಟೋಬರ್ ೯, ಗುರುವಾರ. ಸಿರೋಸ್ ಬಂದರು.

ಇವತ್ತೂ ನಮ್ಮ ಹಡಗಿಗೆ ಬಣ್ಣ ಹೊಡೆದರು. ವರ್ಷಗಟ್ಟಲೆ ತುಕ್ಕು ಕಣ್ಣಿಗೇ ಬೀಳದ ಮಾಲೀಕನಿಗೆ ಈಗೇಕೆ ಈ ಪ್ರೀತಿ? ಕಾರು, ಲಾರಿ ಹತ್ತಿಸುವ ಪಾಂಡೆಲಿಸ್ ನನ್ನ ಅಡುಗೆಮನೆಗೆ ಬಂದು, "ಮಾರೋಕೆ ಸಂತೆಗೆ ಹೊಡ್ಕೊಂಡು ಹೋಗೋ ಕತ್ತೆಗೇ ಕಣಕ್ಕಾ ಮೈ ತೊಳೆಯೋದು" ಅಂದ.

ತಡೆಯಲಾಗಲಿಲ್ಲ. ಕಾಫಿ ಕೊಡುವ ನೆಪದಲ್ಲಿ ಚುಕ್ಕಾಣಿ ಕೋಣೆಗೆ ಹತ್ತಿ, ಹಡಗು ಮಾರುತ್ತಾರಾ ಎಂದು ಕ್ಯಾಪ್ಟನ್ ಜಾನಿಸ್‌ರನ್ನು ಕೇಳಿಯೇಬಿಟ್ಟೆ. "ಏ ಹುಚ್ಚಿ, ಯಾರು ಹೇಳಿದ್ದು ನಿಂಗೆ? ಸಂತ ನಿಕೋಲಾಸನಾಣೆ, ಮಾರ್ತಿಲ್ಲ" ಅಂದರು. ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ನಾವಿಕರನ್ನು ಕಾಯುವ ಸಂತನ ಮೇಲೇ ಆಣೆಯಿಟ್ಟರಲ್ಲ ಎಂದು, ಚುಕ್ಕಾಣಿಯ ಮೇಲಿನ ಅವನ ಪಟದತ್ತ ತಿರುಗಿ ಶಿಲುಬೆ ಗುರುತು ಹಾಕಿಕೊಳ್ಳಲು ಕೈ ಎತ್ತಿದೆ. ಅಲ್ಲಿ ಬರೀ ಮೊಳೆ. ಗೋಡೆಯಲ್ಲಿ ಮಾಸದೆ ಉಳಿದ ಚೌಕ. ಹಡಗು ಕೈಬಿಡುವಾಗ ಸಂತನ ಪಟವನ್ನು ಮೊದಲು ಮನೆಗೆ ಸಾಗಿಸುವುದು ನಮ್ಮ ಕ್ಯಾಪ್ಟನ್‌ಗಳ ಪದ್ಧತಿ.

ಎತ್ತಿದ ಕೈಯಿಂದ ಹಣೆ ಒರೆಸಿಕೊಂಡು ಇಳಿದುಬಂದೆ. ನಾಳೆ ಶುಕ್ರವಾರ, ಮಾಂಸ-ಮೀನಿಲ್ಲದ ಉಪವಾಸದ ಊಟಕ್ಕೆ ಕಡಲೆ ನೆನೆಹಾಕಿದ್ದೇನೆ. ಯಾರ ಹಡಗಿನಲ್ಲಿ ಬೇಯುತ್ತದೋ.