ಅಜ್ಜಿ ಹುಡುಕಿದ ಮುಖ

ನವೆಂಬರ್ ೨೦, ಗುರುವಾರ, ಅಮಾವಾಸ್ಯೆ

ಹೋದ ವಾರ ಕಾಲೇಜಿನ ಹೆರಿಟೇಜ್ ಪ್ರಾಜೆಕ್ಟ್‌ಗೆಂದು ಕೆ.ಆರ್. ಪುರದಾಚೆಯ ನಮ್ಮೂರಿನ ವೀರಗಲ್ಲನ್ನು ತಂತಿ ಬ್ರಶ್‌ನಿಂದ ಉಜ್ಜಿದೆ. ಎಣ್ಣೆ ಜಿಡ್ಡು ಹೋದರೆ ಫೋಟೋ ಕ್ಲಿಯರ್ ಆಗಿ ಬರುತ್ತದೆ ಅಂದುಕೊಂಡಿದ್ದೆ. ಜಿಡ್ಡಿನ ಜೊತೆ ವೀರನ ಮುಖವೂ ಪುಡಿಯಾಗಿ ಉದುರಿತು. ಯಾರಿಗೂ ಹೇಳಿಲ್ಲ.

ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಪ್ರತಿ ಅಮಾವಾಸ್ಯೆ ಬೆರಳಲ್ಲೇ ಅವನ ಮೂಗು, ಮೀಸೆ ಹುಡುಕಿ ಎಣ್ಣೆ ಹಚ್ಚುತ್ತಾಳೆ. ಇವತ್ತು ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಅವಳ ಬೆರಳು ಕಲ್ಲಿನ ಮೇಲೆ ಸುತ್ತಿ ಸುತ್ತಿ ನಿಂತುಬಿಟ್ಟಿತು.

"ಯಾವ್ದೋ ಬೇರೆ ಕಲ್ಲತ್ರ ಕರ್ಕೊಂಬಂದಿದೀಯ ಕಣೇ ಹಂಸ," ಎಂದು ನಕ್ಕಳು. "ಹಾಸ್ಟೆಲ್ನಲ್ಲಿ ಬೆಳ್ದೋಳು, ನಿಂಗೆಲ್ಲಿ ಗೊತ್ತಾಗ್ಬೇಕು ನಮ್ಮೂರ್ ದಾರಿ!"

"ಸಾರಿ ಅಜ್ಜಿ, ದಾರಿ ತಪ್ತು," ಅಂದೆ.

ಎಣ್ಣೆ ಬಟ್ಟಲು ಹಾಗೇ ಮನೆಗೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ಸರಿಯಾದ ಕಲ್ಲಿನ ಹತ್ತಿರ ಕರೆದುಕೊಂಡು ಹೋಗು ಅಂದಿದ್ದಾಳೆ. ನಾನು ಹೂಂ ಅಂದಿದ್ದೇನೆ.