ಗಾಳಿಕಂಬಕ್ಕೆ ಕಟ್ಟಿದ ಮದುವೆ ಸೀರೆ

ಮುಳುಗಡೆಯ ನೂರಾ ಹದಿನೇಳನೆಯ ವರ್ಷ, ಆಷಾಢ ನಲವತ್ತೊಂದು

ಹಿಂದಿನ ಕಾಲದವರಿಗೆ ಬೀರಮ್ಮ ಮಾಡುವ ನಮಸ್ಕಾರ. ತಿಂಗಳಿಗೆ ನಲವತ್ತೊಂದು ದಿನವೇ ಎಂದು ನಗಬೇಡಿ. ಮಳೆ ಬಿಡುವ ತನಕ ನಾವು ತಿಂಗಳು ಬದಲಿಸುವುದಿಲ್ಲ. ಮಾತು ವಿಚಿತ್ರ ಕಂಡರೆ ಕ್ಷಮಿಸಿ. ಮೂರನೇ ಇಯತ್ತೆ ಓದಿದವಳ ಬರಹ ಇಷ್ಟೇ.

ಕಡಲು ಏರಿ ನಮ್ಮ ಗುಡ್ಡಗಳೆಲ್ಲ ನಡುಗಡ್ಡೆಗಳಾದವು. ಮಳೆಗಾಲದಲ್ಲಿ ದೋಣಿ ನಡೆಯದು, ಹಾರುಬುಟ್ಟಿಯೇ ಗತಿ. ಇಬ್ಬರು ಕೂರುವ ಪುಟ್ಟ ವಿಮಾನ ಅದು, ಗೇರುಹಣ್ಣಿನ ಸಾರಾಯಿ ಕುಡಿದು ಹಾರುತ್ತದೆ. ನನ್ನ ಗಂಡನೂ ಅದನ್ನೇ ಕುಡಿಯುತ್ತಿದ್ದ. ಆದರೆ ಇದು ಹೇಳಿದ ಕಡೆ ಹೋಗುತ್ತದೆ. ಹರೆಯದಲ್ಲಿ ಅದನ್ನು ಎಮ್ಮೆ ಅಟ್ಟಿದ ಹಾಗೆ ಅಟ್ಟಿದವಳು ನಾನು. ಸೊಸೆ ತುಳಸಿ ಉಪ್ಪಿನ ಗದ್ದೆಯ ಕೆಲಸಕ್ಕೆ ಹೋಗತೊಡಗಿದಳು, ಮೊಮ್ಮಗಳು ಮಾಳಿ ನನ್ನ ಸೊಂಟಕ್ಕೆ ಬಂದಳು. ಬುಟ್ಟಿಯಿಂದ ಇಳಿದ ನಾನು ಮತ್ತೆ ಹತ್ತಲಿಲ್ಲ.

ಈಗ ಅದೇ ಮಾಳಿ ಎದುರು ಗುಡ್ಡದಲ್ಲಿ ದಿನ ತುಂಬಿದ ಬಸುರಿ. ಮಗು ಅಡ್ಡ ತಿರುಗಿದೆಯಂತೆ. ಆಸ್ಪತ್ರೆ ಇರುವುದು ಈ ದಡದಲ್ಲಿ. ಹಾರಿಸುವ ಹುಡುಗರೆಲ್ಲ ಜ್ವರದಲ್ಲಿ ಮಲಗಿದ್ದಾರೆ. ಹಾರಲು ಕಲಿಸುವ ಫ್ಲೋರಿನ್ ಬಾಯಿಯ ಕೈ ಮುರಿದಿದೆ, ಪಕ್ಕದಲ್ಲಿ ಕೂತು ಬೈಯಲು ಮಾತ್ರ ಬರುತ್ತದೆ.

ಉಳಿದವಳು ನಾನೊಬ್ಬಳೇ. ನಿನ್ನೆ ಬಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸಕ್ಕೆ ಕೂತೆ. ಕಾಲಿಗೆ ಎಲ್ಲ ನೆನಪಿತ್ತು, ಏರಿದ್ದು ಸುಸೂತ್ರ. ಇಳಿಯುವಾಗ ಗಾಳಿಸೀರೆ ನೋಡಿದೆ. ಬಯಲಿನ ತುದಿಯ ಬಿದಿರು ಕಂಬಕ್ಕೆ ಹಳೇ ಸೀರೆ ಕಟ್ಟುತ್ತೇವೆ, ಅದು ಹಾರಿದ ಕಡೆ ಗಾಳಿ. ಸೀರೆ ಜೋತುಬಿದ್ದಿತ್ತು. ಗಾಳಿಯಿಲ್ಲವೆಂದು ನೆಟ್ಟಗೆ ಇಳಿಸಿದೆ. ಅಡ್ಡಗಾಳಿ ರೆಕ್ಕೆ ಎತ್ತಿತು, ಬುಟ್ಟಿ ಕಪ್ಪೆಯಂತೆ ಕುಪ್ಪಳಿಸಿ ಕೆಸರಿಗೆ ಬಿತ್ತು.

"ಅಜ್ಜೀ, ವಿಮಾನ ಇಳಿಸಿದಿರೋ, ಒರಳಲ್ಲಿ ಅಕ್ಕಿ ಕುಟ್ಟಿದಿರೋ?" ಎಂದಳು ಫ್ಲೋರಿನ್ ಬಾಯಿ.

"ಒರಳು ಕಂಡಿದ್ದೀಯೇನೇ ನೀನು?" ಎಂದೆ. ಕೆಸರು ಒರೆಸಿಕೊಂಡು ಕಂಬದ ಕಡೆ ನಡೆದೆ.

ಹೋಗಿ ನೋಡಿದರೆ ಕಂಬದಲ್ಲಿ ನನ್ನ ಮದುವೆ ಸೀರೆ! ಅತ್ತೆ ಹಾರುತ್ತಾಳೆಂದು ತುಳಸಿ ಗೌರವಕ್ಕೆ ಹಳೇ ನೈಲಾನ್ ಸೀರೆ ಬಿಚ್ಚಿ ಈ ದಪ್ಪ ಸೀರೆ ಕಟ್ಟಿದ್ದಾಳೆ. ಮಳೆನೀರು ಕುಡಿದು ಗೋಣಿಯಷ್ಟು ಭಾರ, ಗಾಳಿ ಬೀಸಿದರೂ ಹಾರದು. ಅವಳನ್ನು ಬೈದೆ, ಬಿಡಲಿಲ್ಲ. ಆದರೆ ಹಿಂದೆಲ್ಲ ನಾನು ಸೀರೆಯ ಜೊತೆ ತೆಂಗಿನ ಗರಿಯನ್ನೂ ನೋಡುತ್ತಿದ್ದೆ. ಮರೆತದ್ದು ಕೈಯಲ್ಲ, ಕಣ್ಣು.

ಬಾಗಿದ ಚಕ್ರ ನೆಟ್ಟಗಾಗಿದೆ. ಇವತ್ತು ಒಬ್ಬಳೇ ಹೋಗಬೇಕು, ಬರುವಾಗ ಪಕ್ಕದ ಸೀಟು ಮಾಳಿಗೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಮಳೆ ಬಿಡುವ ತನಕ ಕೈಗೆ ಕೆಲಸ ಬೇಕೆಂದೇ ಈ ಕಾಗದ.

ನಿಮ್ಮಲ್ಲೂ ಮನೆ ಮಕ್ಕಳೆಂದು ಕಲಿತ ಕೆಲಸ ಬಿಟ್ಟು ಕೂತವಳಿದ್ದರೆ ಈಗಲೇ ಎಬ್ಬಿಸಿ. ಅವಸರ ಬಂದ ದಿನ ಅಭ್ಯಾಸಕ್ಕೆ ಹೊತ್ತಿರುವುದಿಲ್ಲ.

ಮಳೆ ನಿಂತಿತು. ಒಲೆಯ ಮೇಲೆ ಒಣಗಿಸಿದ ಮದುವೆ ಸೀರೆಯನ್ನು ಮಾಳಿಯ ಸೀಟಿಗೆ ಹಾಸಿದ್ದೇನೆ. ಕಂಬದಲ್ಲಿ ನೈಲಾನ್ ಮೂಡಲಿಗೆ ಹಾರುತ್ತಿದೆ. ತೆಂಗಿನ ಗರಿಯೂ ಅತ್ತಲೇ.

ಬರುತ್ತೇನೆ.